ಏನೇನು ಆಗಬಹುದು? ಆರು, ಏಳು, ಎಂಟನೇ ತರಗತಿಗೆ ಸಂಭವನೀಯತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಸ್ಟರ್ ಸಭೆಗಳಲ್ಲಿ ಶಿಕ್ಷಕರು ಕೇಳಿದ್ದು, ಪತ್ರದಲ್ಲಿ ಪಾಲಕರು ಬರೆದಿದ್ದು, ತರಗತಿಯಲ್ಲಿ ಮಕ್ಕಳು ಎದ್ದು ನಿಂತು ಕೇಳಿದ್ದು, ಎಲ್ಲವೂ ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಶುರು ಮಾಡುವವರಿಗೆ

ಸಂಭವನೀಯತೆ ಅಂದ್ರೆ ಏನು ಅಂತ ಆರನೇ ಕ್ಲಾಸಿನ ಮಗುಗೆ ಒಂದೇ ಮಾತಲ್ಲಿ ಹೇಗೆ ಹೇಳೋದು?

ಹೇಳಬೇಡಿ, ಕೇಳಿ. "ಮುಂದೆ ಏನೇನು ಆಗಬಹುದು?" ಅನ್ನುವುದೇ ಮೊದಲ ಪಾಠ. "ಅದರಲ್ಲಿ ಯಾವುದು ಜಾಸ್ತಿ ಆಗುತ್ತೆ?" ಅನ್ನುವುದು ಎರಡನೆಯದು. ಸಂಭವನೀಯತೆ ಅನ್ನುವ ಪದ ಎರಡು ದಿನ ತಡವಾಗಿ ಬಂದರೂ ನಷ್ಟವಿಲ್ಲ.

ನಾನು ತರಗತಿಯ ಈ ಗೋಡೆಯಿಂದ ಆ ಗೋಡೆಗೆ ಒಂದು ದಾರ ಕಟ್ಟುತ್ತೇನೆ. ಒಂದು ತುದಿಗೆ "ಆಗೋದೇ ಇಲ್ಲ", ಇನ್ನೊಂದು ತುದಿಗೆ "ಆಗೇ ಆಗುತ್ತೆ" ಅಂತ ಚೀಟಿ. ಮಕ್ಕಳಿಗೆ ವಾಕ್ಯ ಬರೆದ ಚೀಟಿಗಳನ್ನು ಕೊಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸರಿಯಾದ ಜಾಗದಲ್ಲಿ ಸಿಕ್ಕಿಸಲು ಹೇಳುತ್ತೇನೆ. "ನಾಳೆ ಸೂರ್ಯ ಹುಟ್ಟುತ್ತಾನೆ." "ಬಿಸಿಯೂಟಕ್ಕೆ ಸಾಂಬಾರ್ ಇರುತ್ತದೆ." "ದಾಳ ಹಾಕಿದರೆ 7 ಬರುತ್ತದೆ." "ನಾಳೆ ಮಳೆ ಬರುತ್ತದೆ." ಜಗಳ ಶುರುವಾಗುವುದು ಕೊನೆಯ ಚೀಟಿಗೆ. ಆಗುಂಬೆ ಕಡೆಯ ಮಗು ಜುಲೈಯಲ್ಲಿ ಆ ಚೀಟಿಯನ್ನು "ಆಗೇ ಆಗುತ್ತೆ" ತುದಿಗೆ ಒತ್ತುತ್ತದೆ. ಚಳ್ಳಕೆರೆಯ ಮಗು ಅಷ್ಟು ಧೈರ್ಯ ಮಾಡುವುದಿಲ್ಲ. ಇಬ್ಬರೂ ಸರಿ, ಯಾಕೆ ಅಂತ ಮಕ್ಕಳೇ ವಿವರಿಸಲಿ.

ಭಿನ್ನರಾಶಿನೇ ಸರಿಯಾಗಿ ಬರಲ್ಲ ಮಕ್ಕಳಿಗೆ. ಇದನ್ನ ಹೇಗೆ ಕಲಿಸ್ಲಿ?

ಮಾತಿನಲ್ಲಿ ಶುರು ಮಾಡಿ. "ಆರರಲ್ಲಿ ಒಂದು", "ಹತ್ತಕ್ಕೆ ಮೂರು" ಅಂತ ಮಕ್ಕಳು ಮನೆಯಲ್ಲೇ ಹೇಳುತ್ತಾರೆ. ಅದನ್ನೇ ಬರೆಸಿ. ವಾರ ಕಳೆದ ಮೇಲೆ "ಆರರಲ್ಲಿ ಒಂದು" ಅನ್ನುವುದು 1/6 ಆಗಲಿ.

ಇನ್ನೂ ಒಂದು ದಾರಿ ಇದೆ, ಅದು ಅಜ್ಜ ಅಜ್ಜಿಯರ ಬಾಯಲ್ಲಿದೆ. ಖಂಡಿತ ಅನ್ನುವುದಕ್ಕೆ ಅವರು "ಹದಿನಾರಾಣೆ ಸತ್ಯ" ಅನ್ನುತ್ತಾರೆ ಅಲ್ವಾ? ರೂಪಾಯಿಗೆ ಹದಿನಾರಾಣೆ. ಹದಿನಾರಾಣೆ ಅಂದರೆ 1. ಎಂಟಾಣೆ ಅಂದರೆ ಅರ್ಧ, ನಾಲ್ಕಾಣೆ ಅಂದರೆ ಕಾಲು. ಸೊನ್ನೆಯಿಂದ ಒಂದರವರೆಗಿನ ಅಳತೆಗೋಲು ನಮ್ಮ ಭಾಷೆಯಲ್ಲಿ ಆಗಲೇ ಇತ್ತು. ಈ ಮಾತನ್ನು ನೆನಪಿನಲ್ಲಿಡಿ, ಚೌಕಾಬಾರದ ಪ್ರಶ್ನೆಯಲ್ಲಿ ಮತ್ತೆ ಬರುತ್ತದೆ.

ಫಲಿತ, ಘಟನೆ, ಪ್ರಯೋಗ. ಮೂರೂ ಒಂದೇ ಥರ ಕೇಳಿಸ್ತವೆ, ವ್ಯತ್ಯಾಸ ಏನು?

ದಾಳ ಹಾಕುವುದು ಪ್ರಯೋಗ. 1, 2, 3, 4, 5, 6 ಒಂದೊಂದೂ ಒಂದು ಫಲಿತ. "ಸಮಸಂಖ್ಯೆ ಬಂತು" ಅನ್ನುವುದು ಘಟನೆ. ಅದರೊಳಗೆ 2, 4, 6 ಅನ್ನುವ ಮೂರು ಫಲಿತಗಳಿವೆ. ಫಲಿತಗಳು ಕಾಳು, ಘಟನೆ ಅಂದರೆ ನಾವು ಆರಿಸಿ ಒಟ್ಟು ಮಾಡಿದ ಹಿಡಿ.

ತೊಡಕು ಇರುವುದು ಪದಗಳಲ್ಲಿ. ಘಟನೆ ಅಂದರೆ ಮಗುವಿಗೆ ಟಿವಿಯಲ್ಲಿ ಬರುವ ಸುದ್ದಿ. ಫಲಿತಾಂಶ ಅಂದರೆ ಎಸ್ಸೆಸ್ಸೆಲ್ಸಿ ರಿಸಲ್ಟು. ಅದಕ್ಕೇ ನಾನು ಫಲಿತಾಂಶ ಅನ್ನುವುದಿಲ್ಲ, ಫಲಿತ ಅನ್ನುತ್ತೇನೆ. "ಅನುಕೂಲಕರ ಫಲಿತ" ಅನ್ನುವುದು ಇನ್ನೂ ಕಷ್ಟ. ಅನುಕೂಲ ಅಂದರೆ ಒಳ್ಳೆಯದು ಅಂತ ಮಗು ತಿಳಿಯುತ್ತದೆ. ಆದರೆ "20 ಬಲ್ಬಿನಲ್ಲಿ 3 ಕೆಟ್ಟಿವೆ, ಕೆಟ್ಟ ಬಲ್ಬು ಸಿಗುವ ಸಂಭವನೀಯತೆ ಎಷ್ಟು?" ಅಂತ ಕೇಳಿದಾಗ ಅನುಕೂಲಕರ ಫಲಿತಗಳು ಆ ಮೂರು ಕೆಟ್ಟ ಬಲ್ಬುಗಳೇ. "ಕೇಳಿದ ಫಲಿತ" ಅಂತ ಹೇಳಿಕೊಡಿ. ಪಠ್ಯದ ಪದವನ್ನು ಪಕ್ಕದಲ್ಲಿ ಬರೆಸಿದರೆ ಸಾಕು.

ನಮ್ಮ ಶಾಲೇಲಿ ಕಿಟ್ ಇಲ್ಲ, ದಾಳ ಇಲ್ಲ. ಏನ್ ಮಾಡ್ಲಿ?

ಹುಣಿಸೆ ಬೀಜ ಸಾಕು. ಒಂದು ಬದಿಯನ್ನು ಕಲ್ಲಿಗೆ ಉಜ್ಜಿದರೆ ಕಂದು ಸಿಪ್ಪೆ ಹೋಗಿ ಬಿಳಿ ಕಾಣುತ್ತದೆ. ಎರಡು ಮುಖದ ಸಾಧನ ಸಿದ್ಧ. ಒಡೆದ ಬಳೆ ಚೂರು ಬೇಡ, ಕೈ ಕೊಯ್ಯುತ್ತದೆ. ಚೀಲದ ಆಟಕ್ಕೆ ಒಂದೇ ಅಳತೆಯ ಬಟನ್ನುಗಳು, ಇಲ್ಲದಿದ್ದರೆ ಬಣ್ಣ ಹಚ್ಚಿದ ಚೀಟಿಗಳು ಒಳ್ಳೆಯದು. ಒಳಗಿನದು ಕಾಣದಂತೆ ದಪ್ಪ ಬಟ್ಟೆಯ ಚೀಲ ಇರಲಿ. ದಾಳದ ಬದಲು 1ರಿಂದ 6 ಬರೆದ ಆರು ಚೀಟಿಗಳನ್ನು ಡಬ್ಬಿಗೆ ಹಾಕಿ, ಒಂದು ತೆಗೆದು, ನೋಡಿ, ವಾಪಸ್ ಹಾಕಿ ಕುಲುಕಿ.

ರಬ್ಬರಿನ ಮೇಲೆ ಅಂಕಿ ಬರೆದು ದಾಳ ಮಾಡಬೇಡಿ. ಉದ್ದಗಲ ಬೇರೆಯಾದ್ದರಿಂದ ಅಗಲ ಮುಖದ ಮೇಲೇ ಬೀಳುತ್ತದೆ. ಇನ್ನೊಂದು ಎಚ್ಚರ: ಕೆಂಪು-ಕಪ್ಪು ಗುಲಗಂಜಿ ನೋಡಲು ಚಂದ, ಆದರೆ ಅದರೊಳಗೆ ವಿಷವಿದೆ. ಮಕ್ಕಳ ಕೈಗೆ ಕೊಡಬೇಡಿ.

ದಾಳ, ಕವಡೆ ಅಂದ್ರೆ ಜೂಜು ಕಲಿಸ್ದಂಗೆ ಅಲ್ವಾ ಅಂತ ಒಬ್ಬ ತಂದೆ ಕೇಳಿದ್ರು. ಏನು ಹೇಳ್ಲಿ?

ಅವರ ಆತಂಕವನ್ನು ಗೌರವಿಸಿ. ಜೂಜಿನಿಂದ ಮನೆ ಮುರಿದಿರುವುದನ್ನು ಅವರು ನೋಡಿರಬಹುದು. ನಾನು ಇಸ್ಪೀಟನ್ನು ತರಗತಿಗೆ ತರುವುದಿಲ್ಲ, ಕಡಲೆಬೀಜವನ್ನೂ ಪಣಕ್ಕೆ ಇಡಿಸುವುದಿಲ್ಲ. ಆದರೆ ಎಂಟನೇ ತರಗತಿಗೆ ಈ ಲೆಕ್ಕ ಕೊಡುತ್ತೇನೆ: 10 ರೂಪಾಯಿಯ 1,000 ಟಿಕೆಟ್, ಒಂದೇ ಬಹುಮಾನ, 5,000 ರೂಪಾಯಿ. ಎಲ್ಲಾ ಟಿಕೆಟನ್ನೂ ನೀನೇ ಕೊಂಡರೆ? 10,000 ಕೊಟ್ಟು 5,000 ತರುತ್ತೀ. ಒಂದು ಟಿಕೆಟ್ ಕೊಂಡವನಿಗೂ ಇದೇ ನಷ್ಟ ಪಾಲಾಗಿ ಬರುತ್ತದೆ, ಅವನಿಗೆ ಕಾಣುವುದಿಲ್ಲ ಅಷ್ಟೇ. ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಆಮೇಲೆ ಮೊಬೈಲಿನಲ್ಲಿ, ದುಡ್ಡು ಕಟ್ಟಿ ಆಡುವ ಆಟಗಳಾಗಿ ಅದರ ತಮ್ಮಂದಿರು ಬಂದರು. ಈ ಲೆಕ್ಕ ಬರುವ ಮಗುವಿಗೆ ಅವರನ್ನು ಗುರುತಿಸಲು ಬರುತ್ತದೆ.

## ಫಲಿತಗಳನ್ನು ಎಣಿಸುವುದು

ಎರಡು ನಾಣ್ಯ ಚಿಮ್ಮಿದ್ರೆ ಮೂರೇ ತಾನೇ ಆಗೋದು? ಎರಡೂ ಹೆಡ್, ಎರಡೂ ಟೇಲ್, ಒಂದೊಂದು. ನಾಲ್ಕು ಹೇಗಾಗುತ್ತೆ?

ಪ್ರತಿ ವರ್ಷ ಬರುವ ಪ್ರಶ್ನೆ ಇದು. ತುಂಬಾ ಒಳ್ಳೆಯ ಪ್ರಶ್ನೆ. "ಪುಸ್ತಕದಲ್ಲಿ ನಾಲ್ಕು ಅಂತಿದೆ" ಅಂತ ಮುಗಿಸಿಬಿಟ್ಟರೆ ಇಡೀ ಪಾಠ ಕೈತಪ್ಪುತ್ತದೆ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಾಲಂಬೇರ್ 1754ರಲ್ಲಿ ಇಲ್ಲೇ ಎಡವಿದ್ದರು. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಂದಾದರೂ ಹೆಡ್ ಬರುವ ಸಂಭವ 2/3 ಅಂದರು. ಸರಿ ಉತ್ತರ 3/4. ಏಳನೇ ತರಗತಿಯ ಮಗು ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತಿದೆ ಅಂದುಕೊಳ್ಳಿ.

ಮೊದಲು ಹೆಸರು ಸರಿಮಾಡೋಣ. ನಮ್ಮ ನಾಣ್ಯದಲ್ಲಿ ತಲೆಯೂ ಇಲ್ಲ, ಬಾಲವೂ ಇಲ್ಲ. ಒಂದು ಕಡೆ ಅಶೋಕ ಸ್ತಂಭದ ಸಿಂಹ, ಇನ್ನೊಂದು ಕಡೆ ಅಂಕಿ. ಸಿಂಹ, ಅಂಕಿ ಅಂದರೆ ಮಕ್ಕಳಿಗೆ ಕಣ್ಣಿಗೆ ಕಟ್ಟುತ್ತದೆ.

ಈಗ ಒಂದು ರೂಪಾಯಿಯ ನಾಣ್ಯ ಒಬ್ಬ ಮಗುವಿಗೆ, ಐದು ರೂಪಾಯಿಯದು ಇನ್ನೊಬ್ಬ ಮಗುವಿಗೆ. ಇಬ್ಬರೂ ಎದುರು ಬದುರು ನಿಂತು ಚಿಮ್ಮಲಿ. ಏನಾಯಿತು ಅಂತ ಬೋರ್ಡಿನ ಮೇಲೆ ಎರಡು ಕಾಲಂನಲ್ಲಿ ಬರೆಯಿರಿ.

ಒಂದು ರೂಪಾಯಿ ಸಿಂಹ, ಐದು ರೂಪಾಯಿ ಸಿಂಹ.
ಒಂದು ರೂಪಾಯಿ ಸಿಂಹ, ಐದು ರೂಪಾಯಿ ಅಂಕಿ.
ಒಂದು ರೂಪಾಯಿ ಅಂಕಿ, ಐದು ರೂಪಾಯಿ ಸಿಂಹ.
ಒಂದು ರೂಪಾಯಿ ಅಂಕಿ, ಐದು ರೂಪಾಯಿ ಅಂಕಿ.

ಎರಡನೆಯದೂ ಮೂರನೆಯದೂ ಬೇರೆ ಬೇರೆ ಅಂತ ಈಗ ಯಾರೂ ಹೇಳಿಕೊಡಬೇಕಿಲ್ಲ. ಒಂದು ಸಲ ಒಬ್ಬ ಹುಡುಗಿ ಒಪ್ಪಲಿಲ್ಲ. "ಎರಡೂ ಒಂದು ರೂಪಾಯಿ ನಾಣ್ಯ ಆದ್ರೆ ಮೂರೇ ಅಲ್ವಾ ಟೀಚರ್?" ಅಂದಳು. ನಾನು ಉತ್ತರ ಹೇಳಲಿಲ್ಲ. ಒಂದೇ ಥರದ ಎರಡು ನಾಣ್ಯ ಕೊಟ್ಟೆ, ಒಂದರ ಮೇಲೆ ಪೆನ್ನಿನಿಂದ ಸಣ್ಣ ಚುಕ್ಕೆ ಇಟ್ಟೆ. "ಈ ಚುಕ್ಕೆ ಇಟ್ಟಿದ್ದಕ್ಕೆ ನಾಣ್ಯ ಬೀಳೋ ರೀತಿ ಬದಲಾಯ್ತಾ?" ಅಂತ ಕೇಳಿದೆ. ಅವಳು ಚುಕ್ಕೆಯನ್ನು ಬೆರಳಿನಿಂದ ಸವರಿ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ. ನಮಗೆ ಗುರುತು ಸಿಗಲ್ಲ ಅಷ್ಟೇ, ನಾಣ್ಯ ಎರಡೇ" ಅಂದಳು. ಆಮೇಲೆ ಆ ಮಾತನ್ನು ನಾನೇ ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ.

ಮುಗಿಸುವ ಮುಂಚೆ ಎಲ್ಲರೂ 20 ಸಲ ಚಿಮ್ಮಿ ಇಡೀ ತರಗತಿಯ ಲೆಕ್ಕ ಒಟ್ಟು ಮಾಡಲಿ. "ಒಂದೊಂದು" ಅನ್ನುವುದು ಅರ್ಧದ ಹತ್ತಿರ ಬರುತ್ತದೆ, ಮೂರನೇ ಒಂದರ ಹತ್ತಿರ ಅಲ್ಲ.

ಪಟ್ಟಿ ಮಾಡಿ ಅಂದ್ರೆ ಕೆಲವು ಬಿಟ್ಟುಬಿಡ್ತಾರೆ, ಕೆಲವು ಎರಡು ಸಲ ಬರೀತಾರೆ

ಕ್ರಮ ಕಲಿಸಿ. ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಬದಲಿಸುತ್ತಾ ಹೋಗುವುದು. ಹೋಟೆಲಿನಲ್ಲಿ ಇಡ್ಲಿ, ದೋಸೆ, ಉಪ್ಪಿಟ್ಟು. ಕುಡಿಯಲು ಕಾಫಿ, ಟೀ. ಇಡ್ಲಿಯಿಂದ ಎರಡು ಕೊಂಬೆ, ದೋಸೆಯಿಂದ ಎರಡು, ಉಪ್ಪಿಟ್ಟಿನಿಂದ ಎರಡು. ಕೊಂಬೆಯ ತುದಿ ಎಣಿಸಿದರೆ ಆರು. ಪುಸ್ತಕದಲ್ಲಿ ಇದಕ್ಕೆ ವೃಕ್ಷ ಚಿತ್ರ ಅನ್ನುತ್ತಾರೆ. ಮಕ್ಕಳು ಸುಮ್ನೆ ಮರ ಅನ್ನಲಿ.

3 × 2 ಅಂತ ಗುಣಿಸುವ ಉಪಾಯವನ್ನು ನೀವಾಗಿ ಹೇಳಬೇಡಿ. ನಾಲ್ಕೈದು ಮರ ಬರೆದ ಮೇಲೆ ಯಾರಾದರೂ ಒಬ್ಬರು ಕೈ ಎತ್ತಿ ಹೇಳೇ ಹೇಳುತ್ತಾರೆ.

ಎರಡು ದಾಳ ಹಾಕಿದ್ರೆ ಮೊತ್ತ 2ರಿಂದ 12, ಒಟ್ಟು ಹನ್ನೊಂದು. ಹಾಗಾದ್ರೆ 7 ಬರೋದು 1/11 ಅಲ್ವಾ ಸರ್?

ಹನ್ನೊಂದು ಮೊತ್ತಗಳಿವೆ, ನಿಜ. ಆದರೆ ಅವು ಸರಿಸಮ ಅಲ್ಲ, ಅಂದರೆ ಎಲ್ಲಕ್ಕೂ ಬೀಳುವ ಅವಕಾಶ ಒಂದೇ ಅಲ್ಲ. ಇದನ್ನು ಓಟದ ಪಂದ್ಯವಾಗಿ ಆಡಿಸಿ. ನೆಲದ ಮೇಲೆ ಸೀಮೆಸುಣ್ಣದಿಂದ 1ರಿಂದ 12ರವರೆಗೆ ಹನ್ನೆರಡು ಪಟ್ಟಿ ಎಳೆಯಿರಿ, ಒಂದೊಂದರಲ್ಲೂ ಹತ್ತು ಮನೆ. ಪ್ರತಿ ಪಟ್ಟಿಗೂ ಒಂದು ಮಗು. ಎರಡು ದಾಳ ಹಾಕಿ, ಮೊತ್ತ ಎಷ್ಟೋ ಆ ಪಟ್ಟಿಯ ಮಗು ಒಂದು ಮನೆ ಮುಂದೆ ಹೋಗಲಿ. ಪಟ್ಟಿಯನ್ನು ಮಕ್ಕಳೇ ಆರಿಸಿಕೊಳ್ಳಲಿ. 12 ದೊಡ್ಡದು ಅಂತ ಅದಕ್ಕೆ ನೂಕುನುಗ್ಗಲು ಇರುತ್ತದೆ. 1ನ್ನು ಆರಿಸಿಕೊಂಡ ಮಗು ಆಟ ಮುಗಿಯುವವರೆಗೂ ಅಲ್ಲೇ ನಿಂತಿರುತ್ತದೆ. ಯಾಕೆ ಅಂತ ಆ ಮಗುವಿನ ಬಾಯಿಂದಲೇ ಬರಬೇಕು: "ಎರಡು ದಾಳ ಇದ್ದಮೇಲೆ 1 ಹೇಗೆ ಬರುತ್ತೆ?"

ಆಮೇಲೆ 6 × 6 ಕೋಷ್ಟಕ ಬರೆಸಿ. 36 ಮನೆ, ಎಲ್ಲವೂ ಸರಿಸಮ. 7 ಓರೆಯಾಗಿ ಆರು ಮನೆಗಳಲ್ಲಿ ಕೂತಿರುತ್ತದೆ. 6ಕ್ಕೂ 8ಕ್ಕೂ ಐದೈದು, 5ಕ್ಕೂ 9ಕ್ಕೂ ನಾಲ್ಕು ನಾಲ್ಕು. ಹೀಗೇ ಇಳಿದು 2ಕ್ಕೂ 12ಕ್ಕೂ ಒಂದೊಂದೇ ಮನೆ. ಹಾಗಾಗಿ 7ಕ್ಕೆ 6/36, ಅಂದರೆ 1/6.

ಚುರುಕಾದ ಮಕ್ಕಳಿಗೆ ಗೆಲಿಲಿಯೋ ಬಿಡಿಸಿದ ಲೆಕ್ಕ ಕೊಡಿ. ಮೂರು ದಾಳ ಹಾಕಿದಾಗ 9ನ್ನೂ ಆರು ಬಗೆಯಲ್ಲಿ ಕೂಡಿಸಬಹುದು, 10ನ್ನೂ ಆರು ಬಗೆಯಲ್ಲಿ ಕೂಡಿಸಬಹುದು. ಆದರೂ 10 ಸ್ವಲ್ಪ ಜಾಸ್ತಿ ಬೀಳುತ್ತದೆ ಅಂತ ಆಡುವವರು ಗಮನಿಸಿದ್ದರು. 216 ಫಲಿತಗಳನ್ನು ಎಣಿಸಿದರೆ 9ಕ್ಕೆ 25, 10ಕ್ಕೆ 27. ಯಾಕೆಂದರೆ 3, 3, 3 ಬೀಳುವುದು ಒಂದೇ ರೀತಿ, 2, 3, 5 ಬೀಳುವುದು ಆರು ರೀತಿ.

ಮನೇಲಿ ಅಜ್ಜಿ ಜೊತೆ ಚೌಕಾಬಾರ ಆಡ್ತೀನಿ. ಎಂಟು ಯಾಕೆ ಬೀಳೋದೇ ಇಲ್ಲ?

ಏಳನೇ ತರಗತಿಯ ಹುಡುಗನೊಬ್ಬ ಇದನ್ನು ಕೇಳಿದ. ನಮ್ಮ ನಾಡಿನ ಮಕ್ಕಳಿಗೆ ಸಂಭವನೀಯತೆ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇರೆ ಇಲ್ಲ. ಕೆಲವು ಕಡೆ ಕಟ್ಟೆಮನೆ ಅನ್ನುತ್ತಾರೆ, ಆಟ ಅದೇ. ನಾಲ್ಕು ಕವಡೆ. ಬಾಯಿ ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕು. ನಾಲ್ಕೂ ಕೆಳಗಾದರೆ ಬಾರ, ಎಂಟು.

ಬೀಳಬಹುದಾದದ್ದು 1, 2, 3, 4, 8, ಐದೇ. ಆದರೆ ಒಂದೊಂದಕ್ಕೂ ಐದರಲ್ಲಿ ಒಂದು ಅಂದರೆ ತಪ್ಪು. ಕವಡೆಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಮೇಲೆ ಅನ್ನುವುದಕ್ಕೆ "ಮೇ", ಕೆಳಗೆ ಅನ್ನುವುದಕ್ಕೆ "ಕೆ" ಅಂತ ಬರೆಸಿದೆ. ಎರಡು ಮೇಲೆ ಎರಡು ಕೆಳಗೆ ಬೀಳುವ ಬಗೆಗಳು ಇವು:

ಮೇಮೇಕೆಕೆ, ಮೇಕೆಮೇಕೆ, ಮೇಕೆಕೆಮೇ, ಕೆಮೇಮೇಕೆ, ಕೆಮೇಕೆಮೇ, ಕೆಕೆಮೇಮೇ.

"ಮೇಕೆ ಮೇಕೆ" ಅಂತ ಓದಿ ಇಡೀ ತರಗತಿ ನಕ್ಕಿತು. ನಗಲಿ. ಆರರಲ್ಲಿ ಒಂದನ್ನೂ ಯಾರೂ ಮರೆಯಲಿಲ್ಲ.

ಪೂರ್ತಿ ಪಟ್ಟಿ ಬರೆದರೆ ಹದಿನಾರು ಫಲಿತ. ಒಂದು ಬೀಳುವುದು ನಾಲ್ಕು ಬಗೆಯಲ್ಲಿ, ಎರಡು ಆರು ಬಗೆಯಲ್ಲಿ, ಮೂರು ನಾಲ್ಕು ಬಗೆಯಲ್ಲಿ. ಚೌಕಕ್ಕೂ ಬಾರಕ್ಕೂ ಒಂದೊಂದೇ ಬಗೆ. ಇಲ್ಲಿ ಆ ಹದಿನಾರಾಣೆ ಮತ್ತೆ ಬಂತು ನೋಡಿ. ಒಂದೊಂದು ಫಲಿತಕ್ಕೆ ಒಂದೊಂದು ಆಣೆ. ಎರಡು ಬೀಳುವುದು ಆರಾಣೆ, ಎಂಟು ಬೀಳುವುದು ಒಂದೇ ಆಣೆ.

ಪಾಠ ಇಲ್ಲಿಗೇ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಆ ಹುಡುಗ ಬಿಡಲಿಲ್ಲ. "ಹಾಗಾದ್ರೆ ನಾಲ್ಕೂ ಎಂಟೂ ಒಂದೇ ಸಮ ಬೀಳ್ಬೇಕು. ನಮ್ಮನೇಲಿ ಹಂಗಿಲ್ಲ" ಅಂದ. ಅವನು ಹೇಳಿದ್ದು ಸರಿ. ಹದಿನಾರು ಫಲಿತಗಳು ಸರಿಸಮ ಆಗಬೇಕಾದರೆ ಕವಡೆ ನಾಣ್ಯದ ಹಾಗೆ ಎರಡೂ ಕಡೆ ಸಮನಾಗಿ ಬೀಳಬೇಕು. ಆದರೆ ಕವಡೆಗೆ ಒಂದು ಕಡೆ ಉಬ್ಬಿದ ಬೆನ್ನು, ಇನ್ನೊಂದು ಕಡೆ ಚಪ್ಪಟೆ ಬಾಯಿ. ಅದು ಹೇಗೆ ಬೀಳುತ್ತದೆ ಅಂತ ಕೂತಲ್ಲೇ ಯೋಚಿಸಿ ಹೇಳಲಾಗುವುದಿಲ್ಲ, ಹಾಕಿ ನೋಡಬೇಕು. ಒಂದು ಕವಡೆಯನ್ನು 200 ಸಲ ಹಾಕಿ ಬಾಯಿ ಮೇಲಾಗಿದ್ದನ್ನು ಗೀಟು ಹಾಕಿ ಎಣಿಸಲು ಹೇಳಿದೆ. ಹುಣಿಸೆ ಬೀಜದಲ್ಲೂ ಹೀಗೇ, ಎಷ್ಟು ತೇಯ್ದಿದ್ದೇವೆ ಅನ್ನುವುದರ ಮೇಲೆ ಹೋಗುತ್ತದೆ.

ಶಿಕ್ಷಕರಿಗೆ ಒಂದು ಲೆಕ್ಕ: ಹತ್ತರಲ್ಲಿ ಆರು ಸಲ ಬಾಯಿ ಮೇಲಾಗುವ ಕವಡೆ ಇದೆ ಅಂದುಕೊಳ್ಳಿ. ಆಗ ನಾಲ್ಕೂ ಮೇಲಾಗುವುದು 10,000ಕ್ಕೆ 1,296 ಸಲ, ನಾಲ್ಕೂ ಕೆಳಗಾಗುವುದು 256 ಸಲ. ಐದು ಪಟ್ಟು ವ್ಯತ್ಯಾಸ! ಒಂದು ಕವಡೆಯಲ್ಲಿ ಸಣ್ಣದಾಗಿ ಕಂಡ ವಾಲು ನಾಲ್ಕು ಕವಡೆ ಸೇರಿದಾಗ ಇಷ್ಟು ದೊಡ್ಡದಾಗುತ್ತದೆ.

## ಮಕ್ಕಳು ಎಡವುವ ಜಾಗಗಳು

ಎರಡೇ ಆಗೋದಿದ್ರೆ ಅರ್ಧ ಅರ್ಧ ತಾನೇ? ಮಳೆ ಬರುತ್ತೆ ಇಲ್ಲಾ ಬರಲ್ಲ

ಪರೀಕ್ಷೆಗೆ ಓದದ ಮಗುವೂ ಪಾಸಾಗುವ ಸಂಭವ ಅರ್ಧ ಅಂತ ಒಪ್ಪುತ್ತೀಯಾ ಅಂತ ಕೇಳಿ. ಒಪ್ಪುವುದಿಲ್ಲ. ಎಷ್ಟು ಫಲಿತ ಇವೆ ಅನ್ನುವುದು ಒಂದು ಪ್ರಶ್ನೆ. ಅವು ಸರಿಸಮವೇ ಅನ್ನುವುದು ಬೇರೆಯೇ ಪ್ರಶ್ನೆ. ಸೋಡಾ ಬಾಟಲಿಯ ಮುಚ್ಚಳವನ್ನು 50 ಸಲ ಚಿಮ್ಮಿಸಿದರೆ ಸಾಕು, ಮಾತು ಬೇಕಿಲ್ಲ.

ಐದು ಸಲ ಸಾಲಾಗಿ ಸಿಂಹ ಬಂತು. ಆರನೇ ಸಲ ಅಂಕಿ ಬರ್ಲೇಬೇಕು ಅಲ್ವಾ?

ಇಲ್ಲ, ಆರನೇ ಸಲಕ್ಕೂ 1/2. ಆದರೆ ಹಾಗೆ ಹೇಳಿದರೆ ಮಗು ತಲೆ ಆಡಿಸುತ್ತದೆ, ನಂಬುವುದಿಲ್ಲ. ಪಟ್ಟಿಯನ್ನೇ ತೋರಿಸಿ. ಆರು ಸಲ ಚಿಮ್ಮಿದರೆ ಒಟ್ಟು 64 ಫಲಿತ. ಅವುಗಳಲ್ಲಿ ಮೊದಲ ಐದೂ ಸಿಂಹ ಇರುವವು ಎಷ್ಟು? ಎರಡೇ. ಒಂದು ಸಿಂಹದಿಂದ ಮುಗಿಯುತ್ತದೆ, ಇನ್ನೊಂದು ಅಂಕಿಯಿಂದ. ಎರಡಕ್ಕೂ 64ರಲ್ಲಿ ಒಂದೊಂದೇ ಪಾಲು. ಉಳಿದ 62 ಆಗಲೇ ಬಿದ್ದುಹೋದವು.

ಒಂದು ಆಟ ಹೇಳುತ್ತೇನೆ. ತರಗತಿಯನ್ನು ಎರಡು ಗುಂಪು ಮಾಡಿ ನೀವು ಹೊರಗೆ ಹೋಗಿ. ಒಂದು ಗುಂಪು ನಿಜವಾಗಿ 50 ಸಲ ಚಿಮ್ಮಿ ಬರೆಯಲಿ. ಇನ್ನೊಂದು ಗುಂಪು ನಾಣ್ಯ ಮುಟ್ಟದೆ ಮನಸ್ಸಿಗೆ ಬಂದಂತೆ 50 ಬರೆಯಲಿ. ನೀವು ಒಳಗೆ ಬಂದು ಯಾವುದು ನಿಜ ಅಂತ ಹೇಳಿ. ಗುಟ್ಟು ಇಷ್ಟೇ: ನಿಜವಾದ ಪಟ್ಟಿಯಲ್ಲಿ ಒಂದೇ ಮುಖ ಐದು ಸಲ ಅಥವಾ ಇನ್ನೂ ಜಾಸ್ತಿ ಸಾಲಾಗಿ ಬಂದಿರುವುದು ಮಾಮೂಲಿ. ಕಟ್ಟಿ ಬರೆದವರು ಮೂರಕ್ಕೇ ಹೆದರಿ ಬದಲಿಸಿರುತ್ತಾರೆ. ಒಮ್ಮೊಮ್ಮೆ ನೀವು ತಪ್ಪಬಹುದು. ಅದೂ ಪಾಠವೇ.

ಹತ್ತು ಸಲ ಚಿಮ್ಮಿದ್ರೆ ಏಳು ಸಿಂಹ ಬಂತು. "ಪುಸ್ತಕ ತಪ್ಪು" ಅಂತಿದ್ದಾರೆ ಮಕ್ಕಳು

ಹತ್ತಕ್ಕೆ ಸರಿಯಾಗಿ ಐದೇ ಬೀಳುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಏಳು ಅಥವಾ ಜಾಸ್ತಿ ಸಿಂಹ ಬರುವುದು ಸುಮಾರು ಆರರಲ್ಲಿ ಒಂದು ಸಲ. 40 ಮಕ್ಕಳ ತರಗತಿಯಲ್ಲಿ ಆರೇಳು ಮಕ್ಕಳಿಗೆ ಹಾಗೇ ಆಗುತ್ತದೆ. ಅವರು ತಪ್ಪು ಮಾಡಿಲ್ಲ. "ಇನ್ನೊಂದು ಸಲ ಸರಿಯಾಗಿ ಮಾಡು" ಅಂತ ದಯವಿಟ್ಟು ಹೇಳಬೇಡಿ. ಹಾಗೆ ಹೇಳಿದರೆ ಮಗು ನೋಡಿದ್ದನ್ನು ಬಿಟ್ಟು ನಿಮಗೆ ಬೇಕಾದ್ದನ್ನು ಬರೆಯಲು ಕಲಿಯುತ್ತದೆ.

ಎಲ್ಲರ ಲೆಕ್ಕವನ್ನೂ ಕೂಡಿಸುತ್ತಾ ಹೋಗಿ. ಹತ್ತು, ಐವತ್ತು, ಇನ್ನೂರು, ನಾನ್ನೂರು. ಪ್ರತಿ ಹಂತದಲ್ಲೂ ಪಾಲು ಬರೆಯಿರಿ. ಅಂಕಿಗಳು ಅರ್ಧದ ಸುತ್ತ ಕಿರಿದಾಗುತ್ತಾ ಬರುವುದು ಕಾಣುತ್ತದೆ. ಹಿಂದಿನವರು ಮಾಡಿದ್ದನ್ನೂ ಹೇಳಿ. ಫ್ರಾನ್ಸಿನ ವಿಜ್ಞಾನಿ ಬುಫಾನ್ 4,040 ಸಲ ಚಿಮ್ಮಿದಾಗ 2,048 ಹೆಡ್. ಇಂಗ್ಲೆಂಡಿನ ಗಣಿತಜ್ಞ ಕಾರ್ಲ್ ಪಿಯರ್ಸನ್ ಅವರದು 24,000ಕ್ಕೆ 12,012. ಜಾನ್ ಕೆರಿಚ್ ಅನ್ನುವ ಗಣಿತಜ್ಞರು ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕಿನ ಬಂಧನ ಶಿಬಿರದಲ್ಲಿ ಸಿಕ್ಕಿಬಿದ್ದಿದ್ದರು. ಅಲ್ಲೇ ಕೂತು 10,000 ಸಲ ಚಿಮ್ಮಿದರು. 5,067 ಹೆಡ್ ಬಂತು. ಅರ್ಧಕ್ಕಿಂತ 67 ಜಾಸ್ತಿ ಅಂತ ಮಕ್ಕಳು ತಕ್ಷಣ ಹಿಡಿಯುತ್ತಾರೆ. ಎಣಿಕೆಯಲ್ಲಿ 67 ದೊಡ್ಡದು, ಪಾಲಿನಲ್ಲಿ ನೂರಕ್ಕೆ ಒಂದೂ ಅಲ್ಲ. ಈ ಎರಡರ ವ್ಯತ್ಯಾಸ ತಿಳಿಯಲು ಒಂದು ಪೀರಿಯಡ್ ಪೂರ್ತಿ ಹೋದರೂ ಹೋಗಲಿ.

ದಾಳದಲ್ಲಿ 6 ಬರೋದು ಎಲ್ಲಕ್ಕಿಂತ ಕಷ್ಟ ಅಂತ ಮಗಳು ವಾದ ಮಾಡ್ತಾಳೆ

ಲೂಡೋದಲ್ಲಿ ಕಾಯಿ ಹೊರಗೆ ತರಲು ಅವಳು 6ಕ್ಕೇ ಕಾಯುತ್ತಾಳೆ, 3ಕ್ಕೆ ಯಾರೂ ಕಾಯುವುದಿಲ್ಲ. ಆರು ಸರದಿ ಕಾದರೂ 6 ಬೀಳದಿರುವುದು ಮೂರು ಮಕ್ಕಳಲ್ಲಿ ಒಬ್ಬರಿಗೆ ಆಗುವಂಥದ್ದು. ಒಂದು ದಿನ "3 ಬಿದ್ದರೆ ಕಾಯಿ ಹೊರಗೆ" ಅಂತ ನಿಯಮ ಬದಲಿಸಿ ಆಡಿ. ಸಂಜೆಯೊಳಗೆ 3 ಕಷ್ಟದ ಅಂಕಿ ಆಗಿರುತ್ತದೆ.

ಮೊಬೈಲಲ್ಲಿ "ಮಳೆ ಶೇ 70" ಅಂತ ತೋರಿಸ್ತು, ಒಂದ್ ಹನೀನೂ ಬೀಳಲಿಲ್ಲ. ಸುಳ್ಳು ಅಲ್ವಾ?

ಒಂದು ದಿನ ನೋಡಿ ಹೇಳಲಾಗುವುದಿಲ್ಲ. ಶೇ 70 ಅಂದರೆ ಇಂಥ ಹತ್ತು ದಿನಗಳಲ್ಲಿ ಏಳು ದಿನ ಮಳೆ, ಮೂರು ದಿನ ಇಲ್ಲ. ಆ ಮೂರರಲ್ಲಿ ಇವತ್ತು ಒಂದಾಗಿರಬಹುದು. ಮುಂಗಾರಿನ ಎರಡು ತಿಂಗಳು ಮಕ್ಕಳು ದಿನವೂ ಬರೆದಿಡಲಿ: ಎಷ್ಟು ಅಂದಿತ್ತು, ಬಂತೋ ಇಲ್ಲವೋ. ಶೇ 70 ಅಂದ ದಿನಗಳನ್ನೆಲ್ಲಾ ಒಟ್ಟಿಗೆ ಇಟ್ಟು ನೋಡಿದರೆ ಆ ಮಾತು ನಂಬಬಹುದೋ ಇಲ್ಲವೋ ಅಂತ ಅವರೇ ಹೇಳುತ್ತಾರೆ.

## ಇನ್ನೊಂದು ಹೆಜ್ಜೆ ಮುಂದೆ

ಚೀಲದಿಂದ ತೆಗೆದಿದ್ದನ್ನ ವಾಪಸ್ ಹಾಕ್ಲಿಲ್ಲ ಅಂದ್ರೆ ಲೆಕ್ಕ ಬದಲಾಗುತ್ತಾ?

ಬದಲಾಗುತ್ತದೆ. ಮೂರು ಕೆಂಪು, ಎರಡು ಹಸಿರು ಬಟನ್ ಇಟ್ಟುಕೊಳ್ಳಿ. ಬಟನ್ನುಗಳಿಗೆ ಕೆಂ1, ಕೆಂ2, ಕೆಂ3, ಹ1, ಹ2 ಅಂತ ಹೆಸರಿಡಿ. ವಾಪಸ್ ಹಾಕಿದರೆ ಎರಡನೇ ಸಲಕ್ಕೂ ಐದು ಇರುತ್ತವೆ: 25 ಜೋಡಿ, ಅದರಲ್ಲಿ ಎರಡೂ ಕೆಂಪು 9. ಹಾಕದಿದ್ದರೆ ಎರಡನೇ ಸಲಕ್ಕೆ ನಾಲ್ಕೇ: 20 ಜೋಡಿ, ಎರಡೂ ಕೆಂಪು 6. ನೂರಕ್ಕೆ 36 ಇದ್ದದ್ದು 30ಕ್ಕೆ ಇಳಿಯಿತು. ಸೂತ್ರ ಹತ್ತನೇ ತರಗತಿಯ ಹೊತ್ತಿಗೆ ಕಲಿಯಲಿ, ಎಂಟನೇ ತರಗತಿಗೆ ಈ ಪಟ್ಟಿ ಸಾಕು.

ಪರೀಕ್ಷೇಲಿ ಏನ್ ಕೇಳ್ಬೇಕು?

"ಸಂಭವನೀಯತೆ ಎಷ್ಟು?" ಅಂತ ಮಾತ್ರ ಕೇಳಿದರೆ ಮಗು ಎರಡು ಅಂಕಿ ಮೇಲೆ ಕೆಳಗೆ ಬರೆದು ಹೋಗುತ್ತದೆ. ನಾಲ್ಕು ಅಂಕದಲ್ಲಿ ಎರಡನ್ನು ಪಟ್ಟಿಗೆ ಇಡಿ. ತಪ್ಪು ಪಟ್ಟಿಯೊಂದನ್ನು ಕೊಟ್ಟು "ಇದರಲ್ಲಿ ಏನು ಬಿಟ್ಟುಹೋಗಿದೆ?" ಅಂತ ಕೇಳಿ. "ಉತ್ತರ 3/8 ಬರುವಂಥ ಒಂದು ಪ್ರಶ್ನೆ ನೀನೇ ಬರೆ" ಅನ್ನುವುದು ನನಗೆ ತುಂಬಾ ಇಷ್ಟದ ಪ್ರಶ್ನೆ.

ಇದೆಲ್ಲಾ ವಿದೇಶದವರ ಲೆಕ್ಕ. ನಮ್ಮವರು ಯಾರಾದ್ರೂ ಇದ್ದಾರಾ?

ಹೂವಿನ ಹಡಗಲಿಯ ಹೆಸರು ಹೇಳಿ. ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ಅಲ್ಲಿ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ (ಸ್ಟ್ಯಾಟಿಸ್ಟಿಕ್ಸ್ ಬಲ್ಲವರಲ್ಲಿ) ಒಬ್ಬರಾದರು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಾಗ ಅವರಿಗೆ ನೂರೆರಡು ವರ್ಷ. ಅದೇ ವರ್ಷ ತೀರಿಕೊಂಡರು.

ಕಥೆ ಬೇಕೆಂದರೆ ಮಹಾಭಾರತದ ನಳನ ಕಥೆಗೆ ಹೋಗಿ. ಋತುಪರ್ಣ ರಾಜ ರಥದಲ್ಲಿ ಹೋಗುತ್ತಾ ತಾರೆ ಮರವೊಂದರ ಎಲೆ, ಕಾಯಿ ಎಷ್ಟು ಅಂತ ಹೇಳಿಬಿಡುತ್ತಾನೆ. ಸಾರಥಿಯ ವೇಷದಲ್ಲಿದ್ದ ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಆಗ ಋತುಪರ್ಣ ಅವನಿಗೆ ಅಕ್ಷಹೃದಯ, ಅಂದರೆ ದಾಳದ ಗುಟ್ಟನ್ನು ಹೇಳಿಕೊಡುತ್ತಾನೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನಿಗೆ ಎಣಿಕೆ ಬಲ್ಲವನು ವಿದ್ಯೆ ಕೊಟ್ಟ ಕಥೆ ಅದು. ಶಾಲೆಯ ಅಂಗಳದ ಹೊಂಗೆ ಮರದ ಎರಡು ಕೊಂಬೆ ಎಣಿಸಿ ಇಡೀ ಮರದ ಎಲೆ ಅಂದಾಜು ಮಾಡಿ ಅಂತ ಮಕ್ಕಳನ್ನು ಕಳಿಸಿ.

ನಾಣ್ಯ ನಿಜವಾಗ್ಲೂ 1/2 ಆ ಟೀಚರ್? ಯಾರಾದ್ರೂ ಪೂರ್ತಿ ನೋಡಿದ್ದಾರಾ?

ಇದನ್ನು ಕೇಳುವ ಮಗು ತರಗತಿಗೆ ಒಂದು ಇರುತ್ತದೆ. ಅದಕ್ಕೆ ನಿಜ ಹೇಳಿ: ಹತ್ತಿರ ಹತ್ತಿರ 1/2, ಪೂರ್ತಿ ಅಲ್ಲ. ಗಣಿತಜ್ಞ ಪರ್ಸಿ ಡಯಾಕೊನಿಸ್ ಮತ್ತು ಜೊತೆಗಾರರು 2007ರಲ್ಲಿ ಲೆಕ್ಕ ಹಾಕಿ, ಕೈಯಿಂದ ಚಿಮ್ಮುವಾಗ ಯಾವ ಮುಖ ಮೇಲಿತ್ತೋ ಅದೇ ಮುಖ ಸುಮಾರು ಶೇ 51 ಸಲ ಬೀಳಬೇಕು ಅಂದರು. ನಾಣ್ಯ ಗಾಳಿಯಲ್ಲಿ ತಿರುಗುವಾಗ ಸ್ವಲ್ಪ ತೂಗಾಡುವುದೇ ಕಾರಣ. 2023ರಲ್ಲಿ ಸಂಶೋಧಕರ ಗುಂಪೊಂದು 3,50,757 ಸಲ ಚಿಮ್ಮಿ ಬರೆದಿಟ್ಟ ಫಲಿತ ಹೊರಬಂತು: ಶೇ 50.8.

ನಿಮ್ಮ ತರಗತಿಯಲ್ಲಿ ಕೆಲವು ನೂರು ಸಲದಲ್ಲಿ ಇದು ಕಾಣುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ. ಆದರೂ ಆ ಮಗುವಿಗೆ ಒಂದು ನೋಟ್ ಪುಸ್ತಕ ಕೊಡಿ. ಮೊದಲ ಕಾಲಂನಲ್ಲಿ ಚಿಮ್ಮುವ ಮುಂಚೆ ಮೇಲಿದ್ದ ಮುಖ, ಎರಡನೆಯದರಲ್ಲಿ ಬಿದ್ದ ಮುಖ.